ಅಜ್ಜಿಯ ಮೊಣಕಾಲು

ಹಿರಿಯೂರು ತಾಲೂಕಿನ ಒಂದು ಹಳ್ಳಿ. ಸಂಜೆ ಏಳು ಗಂಟೆ. ಕಲಿಕಾ ಕೇಂದ್ರಕ್ಕೆ ಎಲ್ಲರೂ ಬಂದರು. ಅಜ್ಜಿ ಮಾತ್ರ ಬರಲಿಲ್ಲ. ಅಜ್ಜಿಯ ಹೆಸರಿನಲ್ಲಿ ನಾಲ್ಕು ಅಕ್ಷರ. ಎರಡು ಬರೆಯಲು ಬಂದಿತ್ತು. ಇನ್ನೆರಡು ಬಾಕಿ ಇತ್ತು.

ಆಶಾ ಕಾರ್ಯಕರ್ತೆ ಅಜ್ಜಿಯ ಮನೆಗೆ ಹೋದಳು.

"ಯಾಕಜ್ಜಿ, ಮೂರು ದಿನದಿಂದ ಬಂದಿಲ್ಲ?"

"ಮೊಣಕಾಲು ಕಣವ್ವ. ನೆಲದ ಮೇಲೆ ಕೂತರೆ ಏಳೋಕಾಗಲ್ಲ. ಶೇಂಗಾ ಹೊಲದಾಗೆ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತೂ ಕಿತ್ತೂ ಸವೆದೋಯ್ತು. ಇನ್ನು ಮಲಗೋದೇ ವಾಸಿ."

"ಹಂಗನ್ನಬೇಡ ಅಜ್ಜಿ. ಮಲಗಿದರೆ ಕಾಲು ಇನ್ನೂ ಸೋಲುತ್ತೆ. ನಾಳೆ ಆಸ್ಪತ್ರೆಗೆ ಹೋಗೋಣ."

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಮೊಣಕಾಲು ನೋಡಿದರು. ಅಜ್ಜಿಯನ್ನು ನಡೆಸಿಯೂ ನೋಡಿದರು. ಆಮೇಲೆ ಹೇಳಿದರು:

"ಅಜ್ಜಿ, ಇದು ಮೊಣಕಾಲಿನ ಸಂಧಿವಾತ. ಮೂಳೆಗಳ ತುದಿಯಲ್ಲಿ ನುಣುಪಾದ ಮೆತ್ತೆ ಇರುತ್ತದೆ. ಅದು ಸವೆದಿದೆ. ನಿಮ್ಮ ಕಾಲು ಬಿಲ್ಲಿನ ಹಾಗೆ ಸ್ವಲ್ಪ ಬಾಗಿದೆ. ಬಂಡಿಯ ಅಚ್ಚು ವಾಲಿದರೆ ಚಕ್ರ ಒಂದೇ ಕಡೆ ಸವೆಯುತ್ತದೆ, ಅಲ್ವಾ? ಇದೂ ಹಾಗೇ. ಭಾರವೆಲ್ಲ ಒಳಬದಿಗೆ ಬೀಳುತ್ತದೆ."

"ವ್ಯಾಯಾಮ ಮಾಡಿದ್ರೆ ಕಾಲು ನೆಟ್ಟಗಾಗುತ್ತಾ ಸ್ವಾಮಿ?"

"ಬಾಗಿದ ಮೂಳೆ ವ್ಯಾಯಾಮದಿಂದ ನೆಟ್ಟಗಾಗೋದಿಲ್ಲ. ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿಗೆ ಆಸರೆ ಸಿಗುತ್ತದೆ. ನೋವು ಕಡಿಮೆಯಾಗುತ್ತದೆ. ನಡೆಯೋದು ಸುಲಭವಾಗುತ್ತದೆ."

ಈ ರೀತಿಯ ವ್ಯಾಯಾಮದ ಚಿಕಿತ್ಸೆಗೆ ಫಿಸಿಯೋಥೆರಪಿ ಎನ್ನುತ್ತಾರೆ. ಅಲ್ಲಿ ಅಜ್ಜಿ ಕಲಿತದ್ದು ಇಷ್ಟು:

1. ಕಾಲು ಚಾಚಿ ಮಂಚದ ಮೇಲೆ ಕೂರಿ. ಮಂಡಿಯ ಕೆಳಗೆ ಸುತ್ತಿದ ಟವಲ್ ಇಡಿ. ಮಂಡಿಯಿಂದ ಅದನ್ನು ಅದುಮಿ. ಐದು ಎಣಿಸಿ. ಬಿಡಿ.

2. ಮಲಗಿ ಒಂದು ಕಾಲು ಮಡಚಿ. ಇನ್ನೊಂದನ್ನು ನೇರವಾಗಿ ಒಂದು ಗೇಣು ಎತ್ತಿ. ಐದು ಎಣಿಸಿ. ನಿಧಾನವಾಗಿ ಇಳಿಸಿ.

3. ಗಟ್ಟಿಯಾದ ಕುರ್ಚಿಯ ಮೇಲೆ ಕೂರಿ. ನಿಧಾನವಾಗಿ ಎದ್ದು ನಿಲ್ಲಿ. ಮತ್ತೆ ನಿಧಾನವಾಗಿ ಕೂರಿ.

ಒಂದೊಂದನ್ನೂ 10 ಸಲ ಮಾಡಿ. ದಿನಕ್ಕೆ ಎರಡು ಹೊತ್ತು ಮಾಡಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಹೆಚ್ಚಾಗಿಯೇ ಇದ್ದರೆ ಕಡಿಮೆ ಮಾಡಿ. ಮೊಣಕಾಲು ಕೆಂಪಾಗಿ ಊದಿ ಜ್ವರ ಬಂದರೆ ಕೂಡಲೇ ಡಾಕ್ಟರಿಗೆ ತೋರಿಸಿ.

ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಮೈ ಭಾರ ಹೆಚ್ಚಿದ್ದರೆ ಇಳಿಸಿ. 1 ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆಯಾಗುತ್ತದೆ.

ನೀರಿನ ಮಾತು

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಮೂಳೆ, ಕೀಲು ಬಿಗಿಯುತ್ತವೆ. ಬೆಳೆಯುವ ಮಕ್ಕಳ ಕಾಲು ಸೊಟ್ಟಗಾಗಬಹುದು.

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳಿ. ಶುದ್ಧ ಮಾಡಿದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆ ನೀರನ್ನೋ ಕುಡಿಯಿರಿ. ರಾಗಿ, ಸೊಪ್ಪು, ಹಾಲು ಮಕ್ಕಳ ಮೂಳೆಗೆ ಒಳ್ಳೆಯದು.

ಎರಡು ವರ್ಷದೊಳಗಿನ ಮಗುವಿನ ಕಾಲು ಸ್ವಲ್ಪ ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವುದೂ ಸಹಜ. ಏಳು ವರ್ಷದ ಹೊತ್ತಿಗೆ ಸರಿಹೋಗುತ್ತದೆ. ಸೊಟ್ಟ ಹೆಚ್ಚುತ್ತಾ ಹೋದರೆ, ಒಂದೇ ಕಾಲಿಗೆ ಬಂದರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಿಮಗೆ ಹತ್ತಿರವಾದ ಸರ್ಕಾರಿ ಆಸ್ಪತ್ರೆಗೆ ತೋರಿಸಿ.

ಎರಡು ತಿಂಗಳು ಕಳೆಯಿತು. ಅಜ್ಜಿ ಒಂದು ದಿನವೂ ವ್ಯಾಯಾಮ ಬಿಡಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಆದರೆ ಅಜ್ಜಿ ಕೋಲು ಹಿಡಿದು ತಾನೇ ಕಲಿಕಾ ಕೇಂದ್ರಕ್ಕೆ ಬಂದಳು. ಅಲ್ಲಿ ಅವಳಿಗಾಗಿ ಒಂದು ಕುರ್ಚಿ ಕಾದಿತ್ತು. ಕೂತಳು. ಸ್ಲೇಟು ತೆಗೆದುಕೊಂಡಳು. ಉಳಿದ ಎರಡು ಅಕ್ಷರವನ್ನೂ ಬರೆದಳು.

ಓದಿ ಉತ್ತರಿಸಿ

1. ಅಜ್ಜಿ ಕಲಿಕಾ ಕೇಂದ್ರಕ್ಕೆ ಯಾಕೆ ಬರುತ್ತಿರಲಿಲ್ಲ?
2. ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು?
3. ನಿಮ್ಮ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಪರೀಕ್ಷೆ ಆಗಿದೆಯೇ? ವಿಚಾರಿಸಿ ಬರೆಯಿರಿ.