ನೀರಿನೊಳಗಿನ ಆರ್ಕಿಡ್: ತಯಾರಿಕೆ ಮತ್ತು ಸಾಗಣೆ

ಆರತಕ್ಷತೆಯ ಮೇಜುಗಳಿಗೆ ಗಾಜಿನ ಜಾಡಿಯ ನೀರಿನಲ್ಲಿ ಮುಳುಗಿಸಿದ ಡೆಂಡ್ರೋಬಿಯಂ ಆರ್ಕಿಡ್‌ಗಳನ್ನು ಒದಗಿಸುವ ವರ್ತಕರ ಲಾಭ ಸಾಗಣೆಯಲ್ಲೇ ಸೋರಿಹೋಗುವ ಸಂಭವವುಂಟು. 15 ಸೆಂ.ಮೀ. ವ್ಯಾಸದ ಜಾಡಿಗೆ 40 ಸೆಂ.ಮೀ. ಎತ್ತರದವರೆಗೆ ನೀರು ತುಂಬಿದರೆ ನೀರಿನ ತೂಕವೇ ಸುಮಾರು 7 ಕಿಲೋ. 20 ಮೇಜುಗಳಿಗೆ 140 ಕಿಲೋ. ಅದು ವ್ಯಾನಿನಲ್ಲಿ ತುಳುಕಿದರೆ ದಳಗಳೂ ಉಳಿಯವು. ಆದುದರಿಂದ ಒಣ ಜಾಡಿಗಳನ್ನು ಕಾಗದ ಸುತ್ತಿ ಬೇರೆಯಾಗಿ ಒಯ್ದು, ನೀರನ್ನು ಸಮಾರಂಭದ ಸ್ಥಳದಲ್ಲೇ ತುಂಬುವುದು ಲೇಸು.

ಆರ್ಕಿಡ್ ತೇಲುವ ಹೂವು. ಅದರ ಕಾಂಡವನ್ನು ಮೀನುಗಾಳದ ನೈಲಾನ್ ದಾರದಿಂದ ಬೆಣಚುಕಲ್ಲಿಗೆ ಮೊದಲೇ ಬಿಗಿದಿರಬೇಕು. ಕಬ್ಬಿಣದ ತಂತಿ ತುಕ್ಕು ಹಿಡಿದು ನೀರನ್ನು ಕೆಡಿಸುತ್ತದೆ. ತಣ್ಣನೆಯ ನಲ್ಲಿ ನೀರು ಬೆಚ್ಚಗಾದಂತೆ ದಳಗಳ ಮೇಲೆ ಗುಳ್ಳೆಗಳು ಕೂರುತ್ತವೆ. ಕುದಿಸಿ ಆರಿಸಿದ ನೀರಿನಲ್ಲಿ ಈ ತೊಂದರೆ ಕಡಿಮೆ. ದೀರ್ಘಕಾಲ ಮುಳುಗಿದ ದಳಗಳು ಬಣ್ಣಗೆಡುವುದರಿಂದ, ಎರಡು ದಿನಗಳ ಸಮಾರಂಭಕ್ಕೆ ದರ ಒಪ್ಪುವಾಗಲೇ ಮರುದಿನದ ಹೂವಿನ ಬೆಲೆಯನ್ನೂ ಸೇರಿಸಿಕೊಳ್ಳತಕ್ಕದ್ದು.