ಬಾಬೆಲಿನ ಪಾಠಶಾಲೆಯೂ ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲೂ

ಪಾಠ: ದಾನಿಯೇಲ 1:1–17. ಇದರೊಂದಿಗೆ ಧರ್ಮೋಪದೇಶಕಾಂಡ 6:4–9ನ್ನೂ ಓದತಕ್ಕದ್ದು.

ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಮುತ್ತಿ, ದೇವಾಲಯದ ಪಾತ್ರೆಗಳನ್ನು ತನ್ನ ದೇಶಕ್ಕೆ ಕೊಂಡುಹೋದದ್ದು ಪ್ರಿಯ ವಾಚಕರೆಲ್ಲರಿಗೂ ತಿಳಿದ ಸಂಗತಿ. ಪಾತ್ರೆಗಳ ಸಂಗಡ ಅವನು ಅವುಗಳಿಗಿಂತ ಬೆಲೆಯುಳ್ಳ ಇನ್ನೊಂದು ಸೊತ್ತನ್ನೂ ಒಯ್ದನು. ಅದು ಯಾವದೆಂದರೆ, ಕುಲೀನರ ಮನೆಗಳ ಎಳೆಯ ಮಕ್ಕಳು. ಅರಸನು ಇವರನ್ನು ಸೆರೆಯಲ್ಲಿ ಹಾಕಲಿಲ್ಲ, ಕೊರಡೆಯಿಂದ ಹೊಡಿಸಲೂ ಇಲ್ಲ. ತನ್ನ ಭೋಜನದಿಂದಲೇ ಅವರಿಗೆ ಅನುದಿನದ ಪಾಲನ್ನು ನೇಮಿಸಿ, ಕಸ್ದೀಯರ ಭಾಷೆಯನ್ನೂ ಗ್ರಂಥಗಳನ್ನೂ ಮೂರು ವರುಷ ಕಲಿಸುವಂತೆ ಏರ್ಪಾಡು ಮಾಡಿದನು. ದಾನಿಯೇಲನಿಗೆ ಬೇಲ್ತೆಶಚ್ಚರನೆಂಬ ಹೊಸ ಹೆಸರಾಯಿತು. ಅದು ತನ್ನ ದೇವರ ಹೆಸರನ್ನು ಅನುಸರಿಸಿದ್ದೆಂದು 4ನೆಯ ಅಧ್ಯಾಯದಲ್ಲಿ ಅರಸನೇ ಹೇಳಿಕೊಳ್ಳುತ್ತಾನೆ. ಕತ್ತಿಯಿಂದ ದೇಶವನ್ನು ಗೆದ್ದವನು ಮಕ್ಕಳ ಮನಸ್ಸನ್ನು ಕತ್ತಿಯಿಂದ ಗೆಲ್ಲಲಾಗದೆಂದು ಅರಿತಿದ್ದನು. ಅದಕ್ಕೆ ಊಟವೂ ಪಾಠವೂ ಪ್ರತಿದಿನದ ಅಭ್ಯಾಸವೂ ಬೇಕು.

ಈ ತಿಳುವಳಿಕೆ ನಮ್ಮ ಸಭೆಗಳ ಹಿರಿಯರಿಗೂ ಇತ್ತು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಶಾಲೆಗಳನ್ನು ತೆರೆದರು, 1841ರಲ್ಲಿ ಕಲ್ಲಚ್ಚಿನ ಛಾಪಖಾನೆಯನ್ನು ಇಟ್ಟರು. ಅಲ್ಲಿಂದ 1843ನೆಯ ಜುಲೈ 1ರಂದು ಹೆರ್ಮನ್ ಮೊಗ್ಲಿಂಗರು ಕನ್ನಡದ ಮೊದಲನೆಯ ವರ್ತಮಾನ ಪತ್ರವಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ವಾಮದಪದವಿಗೆ ನೆರೆಯ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ, ಶಾಲೆಗಳ ತನಿಖೆಯ ಅಧಿಕಾರಿಯಾಗಿ ದುಡಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು ಕಥೆಗಳನ್ನು ಬರೆದರು. ಅವರು ಕೂಡಿಸಿದ ಪದ್ಯಪುಸ್ತಕಗಳು ಅಚ್ಚಾದದ್ದು ಮಿಶನಿನ ಛಾಪಖಾನೆಯಲ್ಲಿಯೇ. ಪಂಜೆಯವರು ಕ್ರೈಸ್ತರಲ್ಲ, ಆದರೆ ಒಳ್ಳೇದು ಯಾರಿಂದ ಬಂದರೂ ಮಕ್ಕಳ ಕೈಗೆ ಕೊಡಲು ಆ ಛಾಪಖಾನೆಯವರು ಹಿಂಜರಿಯಲಿಲ್ಲವೆಂಬದನ್ನು ಇಂದಿನ ನಮ್ಮಲ್ಲಿ ಕೆಲವರು ಗಮನಿಸತಕ್ಕದ್ದು.

ಆ ಕಾಲದ ಸಾಧನಗಳಿಗೆ ಒಂದು ಗುಣವಿತ್ತು. ಅವು ಮುಗಿಯುತ್ತಿದ್ದವು. ಪತ್ರವನ್ನು ಓದಿ ಮುಗಿಸಿದರೆ ಇನ್ನೊಂದಕ್ಕೆ ಹದಿನೈದು ದಿವಸ ಕಾಯಬೇಕು. ಬಯಲಾಟವು ರಾತ್ರಿಯೆಲ್ಲಾ ನಡೆದರೂ ಬೆಳಗಾದಾಗ ಮೇಳದವರು ಗಂಟು ಕಟ್ಟಿ ಹೊರಡುತ್ತಿದ್ದರು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆಯೂ ರೇಡಿಯೋದ ಮಾತು ಮನೆಯವರೆಲ್ಲರ ಕಿವಿಗೆ ಒಟ್ಟಿಗೆ ಬೀಳುತ್ತಿತ್ತು. ತಕ್ಕದ್ದಲ್ಲದ್ದು ಬಂದರೆ ಅಜ್ಜಿಯೇ ಎದ್ದು ಅದರ ಬಾಯಿ ಮುಚ್ಚಿಸುವಳು.

ಈಗಿನ ಮೊಬೈಲು ಹಾಗಲ್ಲ. ಬೆರಳು ಸರಿಸಿದಷ್ಟೂ ಕೆಳಗೆ ಬರುತ್ತಲೇ ಇರುವ ಪುಟವನ್ನು 2006ರಲ್ಲಿ ಕಲ್ಪಿಸಿದ ಅಮೇರಿಕದ ಏಜಾ ರಾಸ್ಕಿನ್ ಎಂಬವರು, ಅದರ ಫಲವನ್ನು ಕಂಡು ತರುವಾಯ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಒಂದು ಚಿಕ್ಕ ಚಿತ್ರ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರುವದು. ಅದನ್ನು ಆರಿಸುವವರು ಯಾರು? ಗುರುವಲ್ಲ, ತಾಯಿಯಲ್ಲ. ಮಗುವಿನ ಕಣ್ಣು ಯಾವದರ ಮೇಲೆ ಎಷ್ಟು ಹೊತ್ತು ನಿಂತಿತು, ಯಾವದನ್ನು ಎರಡು ಸಾರಿ ನೋಡಿತು ಎಂದು ಲೆಕ್ಕವಿಡುವ ಯಂತ್ರವೇ ಅದಕ್ಕೆ ಹೋಲುವ ಮತ್ತೊಂದನ್ನು ಮುಂದಿಡುವದು. ಅದಕ್ಕೆ ಮಗುವಿನ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಕಣ್ಣು ನಿಂತಷ್ಟು ಹೊತ್ತು ಜಾಹೀರಾತಿನ ಹಣ ಬರುವದರಿಂದ, ಕಣ್ಣನ್ನು ನಿಲ್ಲಿಸುವದೇ ಅದರ ಕೆಲಸ. ಕೋಪ, ಪರಿಹಾಸ, ಬೆರಗು, ಮೋಹ ಇವು ಕಣ್ಣನ್ನು ಬೇಗನೆ ನಿಲ್ಲಿಸುವವು, ತಾಳ್ಮೆ ನಿಲ್ಲಿಸಲಾರದು.

ಹಾಗಾದರೆ ಮೊಬೈಲನ್ನು ಬಾವಿಗೆ ಎಸೆಯೋಣವೋ? ಹಾಗೆ ಹೇಳುವವರನ್ನು ನಾವು ಒಪ್ಪುವದಿಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಜಿಲ್ಲೆಯ ಮಕ್ಕಳಿಗೆ ಅದೇ ಶಾಲೆಯಾಯಿತು. 2021ರ ಜೂನಿನ ಮಳೆಯಲ್ಲಿ, ಸುಳ್ಯ ತಾಲೂಕಿನ ಒಬ್ಬ ತಂದೆಯು ರಸ್ತೆಯ ಬದಿಯಲ್ಲಿ ನಿಂತು, ನೆಟ್‌ವರ್ಕ್ ಸಿಕ್ಕುವ ಆ ಸ್ಥಳದಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ಕೊಡೆ ಹಿಡಿದ ಚಿತ್ರವನ್ನು ದೇಶವೇ ನೋಡಿತು. ಆ ತಂದೆಯನ್ನು ನಾವು ಗೌರವಿಸುತ್ತೇವೆ. ದಾನಿಯೇಲನೂ ಕಸ್ದೀಯರ ಗ್ರಂಥಗಳನ್ನು ನಿರಾಕರಿಸಲಿಲ್ಲ. ಆ ವಿದ್ಯೆಯಲ್ಲಿ ಪ್ರವೀಣತೆಯನ್ನು ಕೊಟ್ಟವನು ದೇವರೇ ಎಂದು 17ನೆಯ ವಚನ ತಿಳಿಸುವದು. ಅವನು ಬೇಡವೆಂದದ್ದು ಅರಸನ ಊಟವನ್ನು. ಇದಕ್ಕೆ ವ್ಯಾಖ್ಯಾನಕಾರರು ನಾನಾ ಕಾರಣಗಳನ್ನು ಕೊಡುತ್ತಾರೆ. ನಮಗೆ ತೋರುವದೇನಂದರೆ, ಪುಸ್ತಕವನ್ನು ಓದಿ ಮುಚ್ಚಿಡಬಹುದು. ಪ್ರತಿದಿನವೂ ತಿಂದದ್ದು ಮೈಯೇ ಆಗಿಬಿಡುವದು.

ಆ ಹುಡುಗನಿಗೆ ಬೇಡವೆನ್ನುವ ಧೈರ್ಯ ಎಲ್ಲಿಂದ ಬಂತು? ಅವನು ಅದನ್ನು ಮೊದಲೇ ಹೃದಯದಲ್ಲಿ ನಿಶ್ಚಯಿಸಿಕೊಂಡಿದ್ದನು. ಅಂಥ ಹೃದಯವು ತಯಾರಾಗುವ ಬಗೆಯನ್ನು ಧರ್ಮೋಪದೇಶಕಾಂಡದ ಪಾಠದಲ್ಲಿ ನೋಡಿರಿ. ದೇವರ ಮಾತುಗಳನ್ನು ಮಕ್ಕಳಿಗೆ ಕಲಿಸಲು ಮೋಶೆಯು ನಾಲ್ಕು ಹೊತ್ತುಗಳನ್ನು ಹೆಸರಿಸುತ್ತಾನೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಈಗ ವಾಮದಪದವಿನ ಕಡೆಯ ಒಂದು ಮನೆಯನ್ನು ಯೋಚಿಸಿರಿ. ತಾಯಿ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಾಳೆ. ಲೆಕ್ಕ ತಪ್ಪಬಾರದೆಂದು ಚಿಕ್ಕವನ ಕೈಗೆ ಮೊಬೈಲು ಕೊಡುತ್ತಾಳೆ. ಕಾಲೇಜಿಗೆ ಹೋಗುವ ಮಗಳು ಬಸ್ಸಿಗೆ ಕಾಯುವಾಗಲೂ ಬಸ್ಸಿನಲ್ಲಿಯೂ ಅದನ್ನೇ ನೋಡುತ್ತಾಳೆ. ರಾತ್ರಿ ದೀಪ ಆರಿದ ಮೇಲೆ ಕಂಬಳಿಯೊಳಗೆ ಅದರ ಬೆಳಕು. ಬೆಳಗ್ಗೆ ಎದ್ದೊಡನೆ, ಮುಖ ತೊಳೆಯುವ ಮೊದಲೇ, ಕೈ ಹೋಗುವದು ಅದರ ಕಡೆಗೆ. ಮೋಶೆಯು ತಂದೆತಾಯಿಗಳಿಗೆ ಒಪ್ಪಿಸಿದ ಆ ನಾಲ್ಕು ಹೊತ್ತುಗಳೇ ಕೈಬಿಟ್ಟು ಹೋದವು! ಬೀಡಿ ಕಟ್ಟುವ ಆ ತಾಯಿಯ ಮೇಲೆ ನಾವು ತಪ್ಪು ಹೊರಿಸುವದಿಲ್ಲ. ಅವಳ ದುಡಿಮೆಯಿಂದಲೇ ಮಕ್ಕಳ ಪುಸ್ತಕ ಬರುವದು. ಆದರೆ ರಾತ್ರಿ ಊಟದ ಹೊತ್ತಿನಲ್ಲಿಯೂ ಮೊಬೈಲಿನಿಂದ ತಲೆ ಎತ್ತದ ತಂದೆಗೆ ಏನು ಹೇಳೋಣ? ಆರಾಧನೆಯ ನಡುವೆ ಗಂಟೆ ಬಾರಿಸುವದು ಹೆಚ್ಚಾಗಿ ದೊಡ್ಡವರ ಜೇಬಿನಲ್ಲಿಯೇ.

ಸರಕಾರಗಳೂ ಎಚ್ಚರಗೊಂಡಿವೆ. ಆಸ್ಟ್ರೇಲಿಯದವರು 16 ವರುಷದೊಳಗಿನ ಮಕ್ಕಳಿಗೆ ಇಂಥ ಜಾಲತಾಣಗಳಲ್ಲಿ ಖಾತೆ ಇರಕೂಡದೆಂಬ ಕಾನೂನನ್ನು 2025ರ ಡಿಸೆಂಬರ್ 10ರಿಂದ ಜಾರಿಗೆ ತಂದರು. ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕೃತವಾದ ಕಾನೂನು, 18 ವರುಷದೊಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಕಂಬಳಿಯೊಳಗಿನ ಬೆಳಕನ್ನು ಆರಿಸಲು ಯಾವ ಸರಕಾರವೂ ಬರಲಾರದು.

ದಾನಿಯೇಲನು ಮೇಲ್ವಿಚಾರಕನೊಡನೆ ಜಗಳವಾಡಲಿಲ್ಲ. ಹತ್ತು ದಿವಸ ಪರೀಕ್ಷಿಸಿ, ಬಳಿಕ ನಮ್ಮ ಮುಖಗಳನ್ನು ನೋಡು ಎಂದು ವಿನಯದಿಂದ ಬೇಡಿಕೊಂಡನು. ಇದನ್ನೇ ನಮ್ಮ ಕುಟುಂಬಗಳು ಈ ತಿಂಗಳಲ್ಲಿ ಮಾಡಿ ನೋಡಬಹುದು. ಹತ್ತು ದಿವಸ, ಸಂಜೆಯ ಪ್ರಾರ್ಥನೆಯಿಂದ ಮರುದಿನ ಬೆಳಗಿನ ಪ್ರಾರ್ಥನೆಯ ವರೆಗೆ, ಮನೆಯ ಎಲ್ಲಾ ಮೊಬೈಲುಗಳು, ಮೊದಲು ತಂದೆಯದು, ಒಂದೇ ಮೇಜಿನ ಮೇಲೆ ಇರಲಿ. ಬರಿದಾದ ಹೊತ್ತನ್ನು ಬರಿದಾಗಿಯೇ ಬಿಡಬಾರದು: ಅಜ್ಜಿಯು ತುಳುವಿನಲ್ಲಿ ಕಥೆ ಹೇಳಲಿ, ಒಂದು ಕೀರ್ತನೆ ಹಾಡಿರಿ, ಮಕ್ಕಳು ಆ ದಿನ ನೋಡಿದ್ದನ್ನು ಬಾಯಿಬಿಟ್ಟು ಹೇಳಲಿ, ಕೇಳಿದೊಡನೆ ಗದರಿಸಕೂಡದು, ಗದರಿಸಿದರೆ ನಾಳೆ ಹೇಳುವದಿಲ್ಲ. ಮೊದಲ ಮೂರು ದಿವಸ ಮನೆಯಲ್ಲಿ ಸಿಡುಕು ಹೆಚ್ಚಾದರೆ ಆಶ್ಚರ್ಯಪಡಬಾರದು. ಹತ್ತನೆಯ ಸಂಜೆ ಮಕ್ಕಳ ಮುಖಗಳನ್ನು ನೋಡಿರಿ, ಅವರೂ ನಿಮ್ಮ ಮುಖಗಳನ್ನು ನೋಡಲಿ. ಹನ್ನೊಂದನೆಯ ದಿವಸದಿಂದ ಏನು ಮಾಡಬೇಕೆಂಬದನ್ನು ಅವರೊಂದಿಗೇ ಕೂತು ನಿಶ್ಚಯಿಸಿರಿ.