ಪರದೇಶದ ಮನೆಯಲ್ಲಿ ತಾಯಿಯ ದಿನ

ಸುಬಹ್ ನಮಾಝ್ ಮುಗಿದೊಡನೆ ಶಾರ್ಜಾದ ಫ್ಲ್ಯಾಟಿನಲ್ಲಿ ನಮ್ಮೂರಿನ ತಾಯಿಯ ಓಡಾಟ ಶುರುವಾಗುತ್ತದೆ. ಟಿಫಿನ್ ಡಬ್ಬಿ, ಇಸ್ತ್ರಿ, ಶಾಲಾ ಬಸ್ಸು. ಬಳಿಕ ಅಡುಗೆ, ಬಟ್ಟೆ, ಹೋಂವರ್ಕ್. ಮಗ್ರಿಬ್‌ನ ನಂತರ ಮಕ್ಕಳಿಗೆ ಕುರ್‌ಆನ್ ಪಾಠ. ಊರಲ್ಲಾದರೆ ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ಪಾಠಕ್ಕೆ ಮದ್ರಸದ ಉಸ್ತಾದರು ಇರುತ್ತಿದ್ದರು. ಇಲ್ಲಿ ಎಲ್ಲದಕ್ಕೂ ಅವಳೊಬ್ಬಳೇ. ಊರವರ ಬಾಯಲ್ಲಿ ಮಾತ್ರ ಅವಳು ಗಲ್ಫಿನಲ್ಲಿ ಹಾಯಾಗಿರುವವಳು! 2022ರಿಂದ ಅಲ್ಲಿನ ಶಾಲೆಗಳಿಗೆ ಶುಕ್ರವಾರದಿಂದ ರವಿವಾರದ ತನಕ ರಜೆ. ಮಕ್ಕಳಿಗೆ ರಜೆಯಾದರೆ ತಾಯಿಗೆ ಕೆಲಸ ಹೆಚ್ಚು.

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ಬುಖಾರಿಯಲ್ಲಿದೆ. ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂಬುದು ಅದರ ಸಾರ. ಮದೀನಾದ ಆಡಳಿತವೂ ನ್ಯಾಯತೀರ್ಮಾನವೂ ಅವರ ಹೆಗಲ ಮೇಲಿದ್ದಾಗಿನ ಮಾತಿದು. ಅವರ ಗಡ್ಡದ, ಉಡುಪಿನ ಸುನ್ನತನ್ನು ನಾವು ಚೆನ್ನಾಗಿ ಬಲ್ಲೆವು. ಇದೂ ಸುನ್ನತೇ ಅಲ್ಲವೇ?

ಡ್ಯೂಟಿಯಿಂದ ಬರುವ ಸಹೋದರರೇ, ನಿಮ್ಮ ದಣಿವು ಸುಳ್ಳಲ್ಲ. ಆದರೂ ಮಗ್ರಿಬ್‌ನ ಆ ಪಾಠವನ್ನು ವಾರದಲ್ಲಿ ಎರಡು ದಿನವಾದರೂ ನೀವು ವಹಿಸಿಕೊಳ್ಳಿ. ಉಂಡ ತಟ್ಟೆಯನ್ನು ತಂಗಿಯತ್ತ ಸರಿಸಿ ಏಳುವ ಮಗನನ್ನು ಸಿಂಕಿನ ಬಳಿಗೆ ಕಳುಹಿಸಿ. ಮೊದಲ ದಿನ ನಿಮ್ಮ ತಟ್ಟೆಯೊಂದಿಗೆ ನೀವೂ ಅವನ ಜೊತೆ ನಿಲ್ಲಿರಿ.